ವಿವರಣೆ | ಪಾಸ್‌ವರ್ಡ್ ಗಟ್ಟಿ ಇದ್ರೆ ಸಾಕಾ? ನಂಬರಿಗೂ ಹೆಬ್ಬೆಟ್ಟಿಗೂ ಬೇಕು ಬೀಗ

ಬೇತಮಂಗಲದಿಂದ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರ ಸಂಬಳ, ಪಿಎಫ್, ವಾಟ್ಸ್‌ಆ್ಯಪ್ ಎಲ್ಲವೂ ಒಂದೇ ಮೊಬೈಲ್ ನಂಬರಿಗೆ ಕಟ್ಟಿಕೊಂಡಿವೆ. ಮನೆಯಲ್ಲಿರುವ ಅಜ್ಜಿಯ ಪಿಂಚಣಿಗೆ ಹೆಬ್ಬೆಟ್ಟೇ ಕೀಲಿ. ‘ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ’ ಅನ್ನೋ ಬುದ್ಧಿಮಾತು ಇವೆರಡನ್ನೂ ಕಾಯುವುದಿಲ್ಲ.

ಸಿಮ್ ಬದಲಿಸುವ ಮುನ್ನ

ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ರದ್ದಾಗಿ, ಕೆಲವು ತಿಂಗಳ ನಂತರ ಬೇರೆಯವರ ಕೈಗೆ ಹೋಗಬಹುದು. ನಿಮ್ಮ ಒಟಿಪಿಯೂ ಅವರಿಗೇ ಹೋಗುತ್ತೆ. ಹಾಗಾಗಿ ಬ್ಯಾಂಕ್, ಆಧಾರ್, ಜಿಮೇಲ್‌ನಲ್ಲಿ ಮೊದಲು ಹೊಸ ನಂಬರ್ ಸೇರಿಸಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು.

ವಾಟ್ಸ್‌ಆ್ಯಪ್

ಗೊತ್ತಿರುವವರ ನಂಬರಿನಿಂದಲೇ ‘ತಪ್ಪಾಗಿ ನಿಂಗೊಂದು ಕೋಡ್ ಬಂದಿದೆ, ಕಳ್ಸು’ ಅಂತ ಮೆಸೇಜ್ ಬಂದರೆ, ಅವರ ಖಾತೆ ಆಗಲೇ ಕಳ್ಳರ ಕೈಯಲ್ಲಿರಬಹುದು. ಕೋಡ್ ಕೊಡಬೇಡಿ, ಫೋನ್ ಮಾಡಿ ಕೇಳಿ. ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ ‘ಟು-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ, 6 ಅಂಕಿಯ ಪಿನ್ ಇಡಿ. ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ ಕಂಪ್ಯೂಟರ್ ಕಂಡರೆ ಲಾಗ್‌ಔಟ್ ಮಾಡಿ.

ಹೆಬ್ಬೆಟ್ಟು

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ (ಎಇಪಿಎಸ್) ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಸಾಕು, ಒಟಿಪಿ ಬೇಕಿಲ್ಲ. 2023ರಲ್ಲಿ ರಾಜ್ಯದಲ್ಲಿ ಬಯಲಾದ ಪ್ರಕರಣಗಳಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಗಳಿಂದ ಹಣ ಎಗರಿಸಿದ್ದರು. ಇದಕ್ಕೆ ಆಧಾರ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’ ಇದೆ. ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳಚ್ಚು ಒಪ್ಪುವುದಿಲ್ಲ. ಆ ಹೊತ್ತಿಗೆ ತೆರೆದುಕೊಳ್ಳಬೇಕು.

ದುಡ್ಡು ಹೋದರೆ

ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕೆಜಿಎಫ್ ಪೊಲೀಸ್ ಜಿಲ್ಲೆಯ ಸಿಇಎನ್ ಠಾಣೆಯಲ್ಲೂ ದೂರು ಕೊಡಬಹುದು. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆಯಲ್ಲಿ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟ ನಿಮ್ಮ ಮೇಲೆ ಬೀಳುವಂತಿಲ್ಲ ಎಂದಿತ್ತು. ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ಆಮೇಲಿನದು ಬ್ಯಾಂಕಿನದು ಎಂದೂ ಅದರಲ್ಲಿತ್ತು.

ಹೊಣೆ ಯಾರದ್ದು?

ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸೋಕಾಗಲ್ಲ. ಜನ ಅದನ್ನು ಕೊಟ್ಟಿದ್ದು ಸರ್ಕಾರಿ ಕಚೇರಿ ಕೇಳಿತು ಅಂತ. ಹಾಗಿದ್ದ ಮೇಲೆ ‘ಹುಷಾರಾಗಿರಿ’ ಎಂಬ ಒಂದು ಪೋಸ್ಟರ್ ಅಂಟಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಕೇಳಿ ಪಡೆದವರೇ ಅದನ್ನು ಕಾಯಬೇಕು.