ಕಾಯುವುದನ್ನು ಕಲಿತ ಕಂಪ್ಯೂಟರ್

ಕಂಪ್ಯೂಟರ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅದರ ವೇಗ. ಆದರೆ ಈ ವೇಗದ ಯಂತ್ರ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ಬರೀ ಕಾಯುವುದರಲ್ಲಿ ಎಂದರೆ ಅಚ್ಚರಿಯಾದೀತು. ಕೀಲಿಮಣೆಯ ಮೇಲೆ ಬೆರಳು ಬೀಳಲೆಂದು, ಡಿಸ್ಕ್ ತಿರುಗಿ ಬೇಕಾದ ಮಾಹಿತಿ ಎದುರಿಗೆ ಬರಲೆಂದು, ಸಾಗರದಾಚೆಯ ಇನ್ನೊಂದು ಕಂಪ್ಯೂಟರ್ ಉತ್ತರಿಸಲೆಂದು ಅದು ಕಾಯುತ್ತಲೇ ಇರುತ್ತದೆ. ಸೆಕೆಂಡಿಗೆ ನೂರು ಕೋಟಿ ಹೆಜ್ಜೆ ಇಡಬಲ್ಲ ಪ್ರೊಸೆಸರ್ ಒಂದು, ತಿರುಗುವ ಡಿಸ್ಕಿನಿಂದ ಮಾಹಿತಿ ಬರಲು ಸೆಕೆಂಡಿನ ನೂರನೇ ಒಂದು ಭಾಗ ಕಾಯಿತು ಎನ್ನೋಣ. ಅಷ್ಟರಲ್ಲಿ ಅದು ಕಳೆದುಕೊಳ್ಳುವುದು ಒಂದು ಕೋಟಿ ಹೆಜ್ಜೆ!

ಈ ಹೊತ್ತನ್ನು ಹಾಳುಮಾಡದೆ ಬಳಸುವುದು ಹೇಗೆ? ಉತ್ತರಕ್ಕಾಗಿ ತಂತ್ರಜ್ಞರು ಸುಮಾರು ಏಳು ದಶಕಗಳಿಂದ ಶ್ರಮಿಸಿದ್ದಾರೆ. 'ಇವೆಂಟ್ ಲೂಪ್' ಎಂಬ ತಂತ್ರ ಆ ಶ್ರಮದ ಫಲ. ಇಂದು ಜಾಲತಾಣ ತೆರೆದರೂ, ಮೊಬೈಲ್ ಫೋನಿನ ಪರದೆ ಮುಟ್ಟಿದರೂ ಹಿನ್ನೆಲೆಯಲ್ಲಿ ದುಡಿಯುವುದು ಇದೇ ತಂತ್ರ.

ಕುಕ್ಕರ್ ಕೂಗುವವರೆಗೆ

ಒಲೆಯ ಮೇಲೆ ಅನ್ನಕ್ಕಿಟ್ಟವರು ಎರಡು ರೀತಿಯಲ್ಲಿ ಕಾಯಬಹುದು. ಪಾತ್ರೆಯ ಮುಂದೆಯೇ ನಿಂತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಅಗುಳು ಹಿಚುಕಿ ನೋಡುವುದು ಒಂದು. ಕುಕ್ಕರ್ ಇಟ್ಟು, ಅದು ಕೂಗುವವರೆಗೆ ತರಕಾರಿ ಹೆಚ್ಚುವುದೋ ಕಾಯಿ ತುರಿಯುವುದೋ ಮಾಡುವುದು ಇನ್ನೊಂದು.

ಆರಂಭಕಾಲದ ಬಹಳಷ್ಟು ಕಂಪ್ಯೂಟರ್‌ಗಳು ಮೊದಲ ಬಗೆಯವು. ಟೇಪಿನಿಂದ ಮಾಹಿತಿ ಬರಬೇಕಿದ್ದರೆ 'ಬಂತೇ? ಬಂತೇ?' ಎಂದು ಕೇಳುತ್ತ ನಿಲ್ಲುತ್ತಿದ್ದವು. ಕುಕ್ಕರಿನ ಕೂಗಿಗೆ ಸಮನಾದ ಏರ್ಪಾಡು ಯಂತ್ರದೊಳಗೆ ಬಂದದ್ದು 1950ರ ದಶಕದಲ್ಲಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆ 1954ರಲ್ಲಿ ಅಲ್ಲಿನ ಸೇನೆಗಾಗಿ ನಿರ್ಮಿಸಿದ 'ಡೈಸಿಯಾಕ್' ಅದನ್ನು ಮೊದಮೊದಲು ಅಳವಡಿಸಿಕೊಂಡ ಯಂತ್ರಗಳಲ್ಲಿ ಒಂದು. ಟ್ರಕ್ಕಿನ ಟ್ರೇಲರ್‌ನಲ್ಲಿಟ್ಟು ಊರಿಂದೂರಿಗೆ ಒಯ್ಯಬಹುದಾಗಿದ್ದ ಈ ಕಂಪ್ಯೂಟರ್, ಹೊರಗಿನ ಉಪಕರಣದಿಂದ ಸಂಕೇತ ಬಂದೊಡನೆ ಕೈಲಿದ್ದ ಕೆಲಸ ಬಿಟ್ಟು ಅತ್ತ ಗಮನ ಕೊಡುತ್ತಿತ್ತು. ಇಂಥ ಸಂಕೇತಕ್ಕೆ 'ಇಂಟರಪ್ಟ್' ಎಂದು ಹೆಸರಾಯಿತು. ಕೆಲಸದ ನಡುವೆ ಬರುವ ಕರೆ ಎಂದು ಇದನ್ನು ತಿಳಿಯಬಹುದು.

ಪಂಡಿತನಿಗೂ ಭಯ

ಇಂಟರಪ್ಟಿನಿಂದ ಸಮಯವೇನೋ ಉಳಿಯಿತು. ಜೊತೆಗೆ ಹೊಸದೊಂದು ಭಯವೂ ಹುಟ್ಟಿತು. ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರಾ ಮುಂದೆ ಕಂಪ್ಯೂಟರ್ ವಿಜ್ಞಾನದ ದಿಗ್ಗಜರೆನಿಸಿದವರು. 1950ರ ದಶಕದ ಕೊನೆಯಲ್ಲಿ ಅವರ ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ 'ಎಕ್ಸ್-1' ಎಂಬ ಯಂತ್ರ ವಿನ್ಯಾಸಗೊಳಿಸುತ್ತ, ಅದರಲ್ಲಿ ಇಂಟರಪ್ಟ್ ಇರಲಿ ಎಂದಾಗ ಡೈಕ್‌ಸ್ಟ್ರಾ ಗಾಬರಿಗೊಂಡರು. ಅವರ ವಿರೋಧದಿಂದಾಗಿ ನಿರ್ಧಾರ ಕೆಲವು ತಿಂಗಳು ಮುಂದೆ ಹೋಯಿತೆಂದು ಅವರೇ ನೆನಪಿಸಿಕೊಂಡಿದ್ದಾರೆ.

ಅವರ ಭಯಕ್ಕೆ ಕಾರಣವಿತ್ತು. ಸಾರಿಗೆ ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಬಾಗಿಲ ಗಂಟೆ ಬಾರಿಸುತ್ತದೆ. ಹೋಗಿ ಬಂದವರಿಗೆ ಉಪ್ಪು ಹಾಕಿದ್ದಾಯಿತೋ ಇಲ್ಲವೋ ನೆನಪಾಗುವುದಿಲ್ಲ. ಒಂದು ದಿನ ಸಾರು ಸಪ್ಪೆ, ಇನ್ನೊಂದು ದಿನ ಉಪ್ಪುಪ್ಪು. ಗಂಟೆ ಯಾವ ಗಳಿಗೆಯಲ್ಲಿ ಬಾರಿಸಿತು ಎಂಬುದರ ಮೇಲೆ ತಪ್ಪು ನಿಂತಿರುವುದರಿಂದ ಅದೇ ತಪ್ಪನ್ನು ಮತ್ತೆ ಮಾಡಿಸಿ ಪರೀಕ್ಷಿಸುವುದೂ ಕಷ್ಟ. ಮರುಕಳಿಸದ ದೋಷವನ್ನು ಹುಡುಕುವುದೆಂತು? ಡೈಕ್‌ಸ್ಟ್ರಾ ಕೊನೆಗೆ ಒಪ್ಪಿದರು. ಇಂಟರಪ್ಟ್‌ಗಳನ್ನು ಕ್ರಮಬದ್ಧವಾಗಿ ನಿಭಾಯಿಸುವ ಬಗೆಯನ್ನೇ ವಿಷಯವಾಗಿಸಿಕೊಂಡು 1959ರಲ್ಲಿ ಡಾಕ್ಟರೇಟ್ ಪಡೆದರು.

ಇವೆಂಟ್ ಲೂಪ್ ಈ ಭಯಕ್ಕೆ ಕಂಡುಕೊಂಡ ಒಂದು ಪರಿಹಾರ. ಇದರ ತತ್ವ ಸರಳ. ಕರೆ ಯಾವಾಗ ಬೇಕಾದರೂ ಬರಲಿ. ಬಂದದ್ದು ಸರದಿಯಲ್ಲಿ ನಿಲ್ಲಲಿ. ಪ್ರೋಗ್ರಾಮು ಕೈಲಿರುವ ಕೆಲಸವನ್ನು ಪೂರ್ತಿ ಮುಗಿಸಿ ಮುಂದಿನದನ್ನು ಎತ್ತಿಕೊಳ್ಳುತ್ತದೆ. ಸರದಿ ಖಾಲಿಯಾದರೆ ಹೊಸ ಕರೆ ಬರುವವರೆಗೆ ಮಲಗುತ್ತದೆ. ಗಾಣದ ಎತ್ತಿನಂತೆ ಇದೇ ಸುತ್ತು. ಉಪ್ಪು ಹಾಕಿದ ಮೇಲೆಯೇ ಬಾಗಿಲು ತೆಗೆಯುವ ಶಿಸ್ತು ಇದು. 1984ರಲ್ಲಿ ಬಂದ ಆ್ಯಪಲ್ ಕಂಪನಿಯ ಮೆಕಿಂತೋಷ್ ಇದನ್ನು ಜನಸಾಮಾನ್ಯರ ಮೇಜಿಗೆ ತಂದಿತು. ಅದರ ಪ್ರತಿ ಪ್ರೋಗ್ರಾಮಿನ ಹೃದಯದಲ್ಲೂ 'ಮುಂದಿನ ಘಟನೆ ಯಾವುದು?' ಎಂದು ಕೇಳುವ ಸುತ್ತೊಂದಿತ್ತು.

ಹತ್ತು ಸಾವಿರ ಗಿರಾಕಿಗಳು

ಒಬ್ಬನೇ ಕುಳಿತು ಬಳಸುವ ಕಂಪ್ಯೂಟರಿಗೆ ಇಷ್ಟು ಸಾಕಿತ್ತು. ಸಾವಿರಾರು ಮಂದಿಗೆ ಏಕಕಾಲದಲ್ಲಿ ಉತ್ತರಿಸಬೇಕಾದ ಸರ್ವರ್‌ಗಳ ಕಥೆ ಬೇರೆ. ಅಲ್ಲಿ ರೂಢಿಯಲ್ಲಿದ್ದ ಒಂದು ಪದ್ಧತಿಯೆಂದರೆ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ 'ಪ್ರೊಸೆಸ್' ಅಥವಾ 'ಥ್ರೆಡ್' ನೇಮಿಸುವುದು. ಹೋಟೆಲಿನಲ್ಲಿ ಟೇಬಲ್ಲಿಗೊಬ್ಬ ಮಾಣಿಯನ್ನು ನಿಲ್ಲಿಸಿದಂತೆ. ದೋಸೆ ಬೇಯುವವರೆಗೆ ಅವನಿಗೆ ಬೇರೆ ಕೆಲಸವಿಲ್ಲ, ಸಂಬಳ ಮಾತ್ರ ತಪ್ಪದು.

ಕಂಪ್ಯೂಟರಿನಲ್ಲಿ ಈ ಸಂಬಳ ಮೆಮೊರಿಯ ರೂಪದ್ದು. ಒಂದು ಥ್ರೆಡ್‌ಗೆ 2 ಮೆಗಾಬೈಟ್ ಜಾಗ ಕಾದಿರಿಸಿದರೂ ಹತ್ತು ಸಾವಿರಕ್ಕೆ ಸುಮಾರು 20 ಗಿಗಾಬೈಟ್ ಆಗುತ್ತದೆ. 1990ರ ದಶಕದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ 32 ಬಿಟ್ ಯಂತ್ರದಲ್ಲಿ ಒಂದು ಪ್ರೋಗ್ರಾಮಿಗೆ ಎಟುಕುತ್ತಿದ್ದುದು ಹೆಚ್ಚೆಂದರೆ 4 ಗಿಗಾಬೈಟ್.

ಒಬ್ಬನೇ ಮಾಣಿ ಹಲವು ಟೇಬಲ್ ನೋಡಿಕೊಳ್ಳುವ ಉಪಾಯ ಅಷ್ಟರಲ್ಲಾಗಲೇ ಬಂದಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ 1983ರಲ್ಲಿ ಹೊರತಂದ ಯುನಿಕ್ಸ್ ಆವೃತ್ತಿಯಲ್ಲಿ 'ಸೆಲೆಕ್ಟ್' ಎಂಬ ಸೌಲಭ್ಯವಿತ್ತು. ಸಂಪರ್ಕಗಳ ಪಟ್ಟಿ ಕೊಟ್ಟು 'ಇವುಗಳಲ್ಲಿ ಯಾವುದಾದರೂ ಸಿದ್ಧವಾದಾಗ ಎಬ್ಬಿಸು' ಎಂದು ಆಪರೇಟಿಂಗ್ ಸಿಸ್ಟಮ್ಮಿಗೆ ಹೇಳಿ ಮಲಗಬಹುದಿತ್ತು. ತೊಡಕೆಂದರೆ, ಪ್ರತಿ ಸಲವೂ ಇಡೀ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ತಡಕಬೇಕು. ಕೈ ಎತ್ತಿದವರು ಮೂವರೇ ಆದರೂ ಮಾಣಿ ಎಲ್ಲ ಟೇಬಲ್ಲಿಗೂ ಹೋಗಿ ಕೇಳಿ ಬರಬೇಕಾದ ಸ್ಥಿತಿ.

1999ರಲ್ಲಿ ಡಾನ್ ಕೆಗೆಲ್ ಎಂಬ ಅಮೆರಿಕದ ಎಂಜಿನಿಯರ್ ಈ ಸಮಸ್ಯೆಗೆ 'ಸಿ10ಕೆ' ಎಂದು ಹೆಸರಿಟ್ಟರು. ಒಂದೇ ಯಂತ್ರದಿಂದ ಏಕಕಾಲಕ್ಕೆ ಹತ್ತು ಸಾವಿರ ಗಿರಾಕಿಗಳಿಗೆ ಸೇವೆ ಎಂಬುದು ಅದರ ಅರ್ಥ. ಯಂತ್ರಾಂಶ ಇದಕ್ಕೆ ಸಮರ್ಥವಾಗಿದೆ, ತಂತ್ರಾಂಶವೇ ಹಿಂದುಳಿದಿದೆ ಎಂಬುದು ಅವರ ವಾದದ ತಿರುಳು. 2000ದಲ್ಲಿ ಫ್ರೀಬಿಎಸ್‌ಡಿಗೆ ಜೊನಾಥನ್ ಲೆಮನ್ ರೂಪಿಸಿದ 'ಕೆಕ್ಯೂ', 2002ರಲ್ಲಿ ಲಿನಕ್ಸ್‌ಗೆ ಡೇವಿಡೆ ಲಿಬೆಂಝಿ ರೂಪಿಸಿದ 'ಈಪೋಲ್' ಉತ್ತರವಾಗಿ ಬಂದವು. ಪಟ್ಟಿಯನ್ನು ಒಮ್ಮೆ ಒಪ್ಪಿಸಿದರೆ ಸಾಕು, ಕೈ ಎತ್ತಿದವರ ಹೆಸರಷ್ಟೇ ಮಾಣಿಯ ಕೈಗೆ ಬರುತ್ತದೆ.

ರಷ್ಯದ ರಾಂಬ್ಲರ್ ಸಂಸ್ಥೆಯಲ್ಲಿದ್ದ ಇಗೊರ್ ಸಿಸೊಯೆವ್ ಇದೇ ತತ್ವದ ಮೇಲೆ 'ಎಂಜಿನ್ ಎಕ್ಸ್' ಸರ್ವರ್ ತಂತ್ರಾಂಶ ರಚಿಸಿ 2004ರಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ದುಬಾರಿ ಯಂತ್ರಗಳ ಸಾಲು ಕೊಳ್ಳಲಾಗದ ಸಣ್ಣ ಸಂಸ್ಥೆಯೂ ಸಾಧಾರಣ ಕಂಪ್ಯೂಟರಿನಿಂದಲೇ ಸಾವಿರಾರು ಮಂದಿಯನ್ನು ತಲುಪುವಂತಾಯಿತು. ರಯಾನ್ ಡಾಲ್ 2009ರಲ್ಲಿ ಬರ್ಲಿನ್‌ನ ಸಮ್ಮೇಳನದಲ್ಲಿ ಪರಿಚಯಿಸಿದ 'ನೋಡ್ ಜೆಎಸ್' ಇವೆಂಟ್ ಲೂಪನ್ನು ಸಾಮಾನ್ಯ ಪ್ರೋಗ್ರಾಮರ್‌ಗಳ ನಿತ್ಯದ ಸಾಧನವಾಗಿಸಿತು. ಅದಕ್ಕೆ ಅವರು ಆರಿಸಿಕೊಂಡ ಜಾವಾಸ್ಕ್ರಿಪ್ಟ್ ಭಾಷೆ ಬ್ರೌಸರಿನೊಳಗೆ ಇವೆಂಟ್ ಲೂಪಿನ ಜೊತೆಯಲ್ಲೇ ಬೆಳೆದದ್ದು.

ಒಬ್ಬ ಮಾಣಿಯ ಹೋಟೆಲು

ಹೀಗೆಂದು ಇವೆಂಟ್ ಲೂಪ್ ಸರ್ವರೋಗಕ್ಕೂ ಮದ್ದಲ್ಲ. ಒಬ್ಬನೇ ಮಾಣಿ ಇರುವ ಹೋಟೆಲಿನಲ್ಲಿ ಅವನು ಒಂದು ಟೇಬಲ್ಲಿನ ಬಳಿ ಹರಟೆಗೆ ನಿಂತರೆ ಉಳಿದವರೆಲ್ಲ ಉಪವಾಸ. 1990ರಲ್ಲಿ ಬಂದ ವಿಂಡೋಸ್ 3.0 ಬಳಸಿದವರಿಗೆ ಈ ಅನುಭವ ಹೊಸದಲ್ಲ. ಒಂದು ಪ್ರೋಗ್ರಾಮು ಸರದಿ ಬಿಟ್ಟುಕೊಡದಿದ್ದರೆ ಉಳಿದವೂ ಸ್ತಬ್ಧ. ಪರದೆಯ ಮೇಲೆ ಮರಳುಗಡಿಯಾರದ ಚಿತ್ರವಷ್ಟೇ ಉಳಿಯುತ್ತಿತ್ತು. ಆದ್ದರಿಂದ ಲೂಪಿನೊಳಗಿನ ಪ್ರತಿ ಕೆಲಸವೂ ಚಿಕ್ಕದಾಗಿರಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ. ದೀರ್ಘ ಲೆಕ್ಕಾಚಾರವಿದ್ದರೆ ಅದನ್ನು ಬೇರೆ ಥ್ರೆಡ್‌ಗೆ ವಹಿಸಬೇಕು.

ಕಾಯುವ ವಿದ್ಯೆಯ ಇತ್ತೀಚಿನ ಅಧ್ಯಾಯ 'ಐಒ ಯುರಿಂಗ್'. ಜೆನ್ಸ್ ಆಕ್ಸ್‌ಬೋ ರೂಪಿಸಿದ ಇದು 2019ರ ಮೇ ತಿಂಗಳಲ್ಲಿ ಲಿನಕ್ಸ್ 5.1ರೊಂದಿಗೆ ಬಂದಿತು. ಪ್ರೋಗ್ರಾಮಿಗೂ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೂ ನಡುವೆ ಎರಡು ಉಂಗುರಾಕಾರದ ಪಟ್ಟಿಗಳು. ಒಂದರಲ್ಲಿ ಕೋರಿಕೆ ಬರೆದಿಟ್ಟರೆ, ಕೆಲಸ ಪೂರೈಸಿದ ವರದಿ ಇನ್ನೊಂದರಲ್ಲಿ ಸಿಗುತ್ತದೆ. ಕೋರಿಕೆಗೊಮ್ಮೆ ಕರ್ನಲ್‌ನ ಬಾಗಿಲು ತಟ್ಟುವ ಖರ್ಚು ಇದರಿಂದ ಉಳಿಯುತ್ತದೆ.

ಆದರೆ ವೇಗಕ್ಕೆ ತೆತ್ತ ಬೆಲೆ ಬೇಗನೆ ಗೊತ್ತಾಯಿತು. ಲಿನಕ್ಸ್ ಕರ್ನಲ್‌ನ ಭದ್ರತಾ ಲೋಪಗಳನ್ನು ತೋರಿಸಿಕೊಟ್ಟವರಿಗೆ ಗೂಗಲ್ ಬಹುಮಾನ ನೀಡುತ್ತಿತ್ತು. ಹಾಗೆ ಬಂದ ದಾಳಿ ಮಾದರಿಗಳಲ್ಲಿ ಶೇ 60ರಷ್ಟು ಐಒ ಯುರಿಂಗ್‌ನ ಲೋಪಗಳನ್ನೇ ಬಳಸಿದ್ದವು ಎಂದು ಆ ಸಂಸ್ಥೆ 2023ರ ಜೂನ್‌ನಲ್ಲಿ ಪ್ರಕಟಿಸಿತು. ಕ್ರೋಮ್ ಓಎಸ್‌ನಲ್ಲಿ ಅದನ್ನು ನಿಲ್ಲಿಸಿತು; ಆಂಡ್ರಾಯ್ಡ್ ಆ್ಯಪ್‌ಗಳಿಗೆ ಸಿಗದಂತೆ ಮಾಡಿತು; ತನ್ನ ಸರ್ವರ್‌ಗಳಲ್ಲೂ ಕೈಬಿಟ್ಟಿತು. ಹಲವು ಕೆಲಸಗಳು ಬಿಡಿಬಿಡಿಯಾಗಿ, ಮುಂಚಿತವಾಗಿ ಹೇಳಲಾಗದ ಕ್ರಮದಲ್ಲಿ ಮುಗಿಯುವಾಗ ಯಾವುದರ ಲೆಕ್ಕ ಎಲ್ಲಿ ತಪ್ಪುತ್ತದೆಂದು ಊಹಿಸುವುದು ಸುಲಭವಲ್ಲ. ಡೈಕ್‌ಸ್ಟ್ರಾ ಅರವತ್ತು ವರ್ಷಗಳ ಹಿಂದೆ ಹೆದರಿದ್ದೂ ಇದಕ್ಕೇ.

ಹೊತ್ತು ಉಳಿಸುವ ಉಪಾಯಗಳನ್ನು ಕಂಪ್ಯೂಟರ್ ಒಂದೊಂದಾಗಿ ಕಲಿತಿದೆ. ಉಳಿಸಿದ ಹೊತ್ತಿನಲ್ಲಿ ಎಡವದೆ ನಡೆಯುವ ಶಿಸ್ತನ್ನು ಮಾತ್ರ ಪ್ರತಿ ಪೀಳಿಗೆಯ ಪ್ರೋಗ್ರಾಮರ್‌ಗಳೂ ಹೊಸದಾಗಿ ರೂಢಿಸಿಕೊಳ್ಳಬೇಕಾಗಿದೆ.