ಬಾರ್ಕರ್ ಸಿದ್ಧಾಂತ ಮತ್ತು ಮೈಸೂರಿನ ಜನನ ದಾಖಲೆಗಳು

ತಾಯಿಯ ಗರ್ಭದಲ್ಲಿ ಸಿಕ್ಕ, ಅಥವಾ ಸಿಗದೆ ಹೋದ ಪೋಷಣೆ ನಡುವಯಸ್ಸಿನ ಹೃದಯ ಕಾಯಿಲೆ, ಸಕ್ಕರೆ ಕಾಯಿಲೆಗಳವರೆಗೂ ಮನುಷ್ಯನನ್ನು ಹಿಂಬಾಲಿಸುತ್ತದೆ ಎಂಬ ವಾದವನ್ನು ಪ್ರಬಲವಾಗಿ ಮಂಡಿಸಿದವರು ಸೌತಾಂಪ್ಟನ್ನಿನ ವೈದ್ಯವಿಜ್ಞಾನಿ ಡೇವಿಡ್ ಬಾರ್ಕರ್ (1938–2013). ಮನುಷ್ಯನ ಬೆಳವಣಿಗೆಯನ್ನು ಹುಟ್ಟಿಗಿಂತ ಮೊದಲಿನಿಂದ ಮುಪ್ಪಿನ ತನಕ ಒಂದೇ ಎಳೆಯಾಗಿ ಓದುವ ಪರಿಪಾಠ ಅವರಿಂದ ಬಲಗೊಂಡಿತು. ಆ ವಾದವನ್ನು ಭಾರತದಲ್ಲಿ ಒರೆಗೆ ಹಚ್ಚಿದ ಊರುಗಳಲ್ಲಿ ಮೈಸೂರಿಗೆ ದೊಡ್ಡ ಸ್ಥಾನವಿದೆ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ದಾದಿಯರು ಕೂಸುಗಳ ಹುಟ್ಟುತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು ಬಾರ್ಕರ್ ತಂಡ 1989ರಲ್ಲಿ ತೋರಿಸಿದ್ದು ಇದು: ಮೊದಲ ವರ್ಷದಲ್ಲಿ ತೀರ ಕಡಿಮೆ ತೂಕವಿದ್ದ ಗಂಡಸರೇ ಹೃದಯದ ರಕ್ತನಾಳದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು.

ಮೈಸೂರಿನಲ್ಲೂ ಅಂಥದೇ ನಿಧಿ ಇತ್ತು. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ, 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳು ಹೆರಿಗೆ ದಾಖಲೆ ಸೇರುತ್ತಿದ್ದವು. ಬಹುಪಾಲು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲವದು. ಅರ್ಧ ಶತಮಾನದ ಮೇಲೆ ಇದು ಯಾರಿಗೆ ಬೇಕಾದೀತೆಂದು ಅಳೆದವರಿಗೂ ಗೊತ್ತಿರಲಿಲ್ಲ. ಆದರೂ ಅಳೆದರು, ಆಸ್ಪತ್ರೆ ಅದನ್ನು ಕಾಪಾಡಿತು. ಈ ಇತಿಹಾಸದಲ್ಲಿ ಹಾಗೆ ಅಳೆದವರಿಗೆ ಬಾರ್ಕರರಷ್ಟೇ ಪಾಲಿದೆ.

1990ರ ದಶಕದಲ್ಲಿ ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದವರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ 517 ಜನರ ಅಧ್ಯಯನದಂತೆ, ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡು ಮೀರಿದವರಲ್ಲಿ ಶೇ. 3 ಮಾತ್ರ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರು ಬೇರೆಯದನ್ನೇ ಹೇಳಿತು. 1998ರ ವರದಿಯಂತೆ, ಗಿಡ್ಡಗೆ ಹುಟ್ಟಿ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದ ಶಿಶುಗಳಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಮುಂದೆ ಆ ಕಾಯಿಲೆ ಹೆಚ್ಚು. ಹಾಗಾದರೆ ಬಸಿರಿನಲ್ಲಿ ತಾಯಿಯ ರಕ್ತದ ಸಕ್ಕರೆಯೇ ಕಾರಣವಿರಬಹುದೇ? ಇದನ್ನರಿಯಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಸಕ್ಕರೆ ಅಳೆದು ಮಕ್ಕಳನ್ನು ಬೆನ್ನುಹತ್ತಿದ ಪಾರ್ಥೆನಾನ್ ಅಧ್ಯಯನ ಶುರುವಾಯಿತು; ಜಿ. ವಿ. ಕೃಷ್ಣವೇಣಿ ಅದರ ಪ್ರಮುಖ ಸಂಶೋಧಕಿ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬಿನ ಶೇಖರಣೆಯೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿದ್ದುದು ಕಂಡಿತು. ಬಾರ್ಕರ್ ಸಿದ್ಧಾಂತವನ್ನು ಮೈಸೂರು ಒಪ್ಪಿತು, ಹಾಗೆಯೇ ತಿದ್ದಿತು ಕೂಡ. ಅದೇ ಅದರ ಹಿರಿಮೆ.

ಮಿತಿಗಳೂ ಇವೆ. ಬದುಕುಳಿದು ಊರಲ್ಲೇ ನಿಂತವರಷ್ಟೇ ಲೆಕ್ಕಕ್ಕೆ ಸಿಕ್ಕರು. ಬಡತನದ ಪ್ರಭಾವವನ್ನು ಗರ್ಭದ ಪ್ರಭಾವದಿಂದ ಬಿಡಿಸುವುದು ಕಷ್ಟ ಎಂಬ ಆಕ್ಷೇಪ ಬಾರ್ಕರರಿಗೆ ಮೊದಲಿನಿಂದಲೂ ಎದುರಾಗಿತ್ತು.

ಮೈಸೂರಿನ ಆಸ್ಪತ್ರೆ ಕಾಪಾಡಿದಂಥ ಅಳತೆಗಳು ಈಗ ಹಳ್ಳಿಗಳಲ್ಲೂ ದಾಖಲಾಗುತ್ತವೆ: ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಂಥ ಊರುಗಳಲ್ಲಿ ಬಸುರಿಯ ತೂಕ, ಕೂಸಿನ ಹುಟ್ಟುತೂಕ ತಾಯಿ ಕಾರ್ಡಿನಲ್ಲೇ ಇರುತ್ತವೆ. ಚುಚ್ಚುಮದ್ದುಗಳು ಮುಗಿದವೆಂದು ಆ ಕಾರ್ಡನ್ನು ರದ್ದಿಗೆ ಹಾಕಬೇಡಿ. ಜೋಪಾನವಾಗಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಅವರ ಕೈಗೇ ಕೊಡಿ.