ಹಂಡೆ ನೀರು

ಮಳವಳ್ಳಿಯ ನಮ್ಮ ತೌರಿನಲ್ಲಿ ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ ತಲೆಗೆ ಸುರಿದುಕೊಂಡರಷ್ಟೇ ಸ್ನಾನ. ಅಂಥ ಒಂದು ಶುಕ್ರವಾರ ಅಕ್ಕ ಬಚ್ಚಲಲ್ಲೇ ಮೂರ್ಛೆ ಬಿದ್ದಳು. ಗಾಳಿ ಸೋಕಿದೆಯೆಂದು ಅಜ್ಜಿ ಬೇವಿನಸೊಪ್ಪು ತಂದರು. ಗಂಡಿನ ಕಡೆಯವರು ಸಂಬಂಧ ಮುರಿದರು. ನೀರಿನ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ!

ಬಿಸಿನೀರಿನ ಈ ಮೂರ್ಛೆಯ ಬಗ್ಗೆ ಡಾ. ಕೆ. ಎಸ್. ಮಣಿ ಮತ್ತು ಜೊತೆಯವರು 1968ರಲ್ಲೇ ಬರೆದಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತಿತರರು 279 ರೋಗಿಗಳ ವಿವರ ಪ್ರಕಟಿಸಿದರು. ಉತ್ತರ ಸಿಕ್ಕೀತೆಂಬ ಖಾತ್ರಿಯಿಲ್ಲದ ಬಚ್ಚಲುಮನೆಯ ಪ್ರಶ್ನೆಗೆ ದುಡ್ಡು ಕೊಡುವವರು ಯಾರು ಹೇಳಿ? 2014ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿದುಳಿನ ಸಂಶೋಧನೆಗೆಂದು 225 ಕೋಟಿ ರೂಪಾಯಿ ಕೊಡುವ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹಂಡೆಯೇ.

ಮಂಡ್ಯದ ವೈದ್ಯರೊಬ್ಬರು ಕೊನೆಗೆ ಹೇಳಿದ್ದಿಷ್ಟೇ: "ನೀರು ಆರಿಸಿ ಹುಯ್ಕೊಳ್ಳಮ್ಮ." ಅಕ್ಕ ಈಗಲೂ ಮೊದಲು ಕೈಯದ್ದಿ ನೋಡುತ್ತಾಳೆ.